ಸಹಾಯ ಬೇಕು: ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯವರು. ಅಪ್ಪನಿಗೆ 67 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಿದ್ದಾರೆ. ಅಟೋರ್ವಾಸ್ಟಾಟಿನ್ 80 ಮಿ.ಗ್ರಾಂ. ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿದ್ದಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62ಕ್ಕೆ ಇಳಿದಿತ್ತು. ತೊಡೆ, ಮೀನಖಂಡ ಎಲ್ಲಾ ನೋವು ಅಂತ ಎರಡು ತಿಂಗಳ ಹಿಂದೆ ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದಾರೆ. ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಒಂದೂ ಮಾತ್ರೆ ಬಿಡಿಸದ ಮೂರು ಸ್ಟ್ರಿಪ್ ಸಿಕ್ಕವು, ನನ್ನ ಎದೆ ಧಸಕ್ಕೆಂದಿತು. ಮೊನ್ನೆಯ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ 138. ಅಪ್ಪನಂಥವರಿಗೆ 55ರ ಕೆಳಗಿರಬೇಕಂತೆ.

ಡಾಕ್ಟರ್ ಸಿಪಿಕೆ ಟೆಸ್ಟ್ (ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ನೋಡೋ ರಕ್ತಪರೀಕ್ಷೆ) ಮಾಡಿಸಿ, ಅದೇ ಜಾತಿಯ ಇನ್ನೊಂದು ಮಾತ್ರೆ ರೋಸುವಾಸ್ಟಾಟಿನ್ ಕಡಿಮೆ ಡೋಸ್‌ನಲ್ಲಿ, ಅದರ ಜೊತೆ ಎಜೆಟಿಮೈಬ್ ಕೊಡೋಣ ಅಂದಿದ್ದಾರೆ. ಈ ಎಜೆಟಿಮೈಬ್, ಕರುಳು ಕೊಲೆಸ್ಟ್ರಾಲ್ ಹೀರಿಕೊಳ್ಳೋದನ್ನ ತಡೆಯುತ್ತಂತೆ. ನನಗೆ ಸರಿ ಅನ್ನಿಸಿದೆ, ಅಪ್ಪ ಒಪ್ಪುತ್ತಿಲ್ಲ. "ಬೆಳ್ಳುಳ್ಳಿ, ಮೆಂತ್ಯ ಸಾಕು" ಅಂತ ಲಾಲ್‌ಬಾಗ್ ವಾಕಿಂಗ್ ಗೆಳೆಯರು ತಲೆಗೆ ತುಂಬಿದ್ದಾರೆ. ಪಥ್ಯ ಬೇಕು, ಆದರೆ ಸ್ಟೆಂಟ್ ಇರೋರಿಗೆ ಅದೊಂದೇ ಸಾಲಲ್ಲ.

ಹೀಗೆ ನೋವು ಬಂದು, ಮಾತ್ರೆ ಬದಲಾಯಿಸಿದ ಮೇಲೆ ಸರಿಹೋದವರು ಯಾರಾದರೂ ಇದ್ದೀರಾ? ಅಪ್ಪನ ಜೊತೆ ಹತ್ತು ನಿಮಿಷ ಮಾತಾಡ್ತೀರಾ? ವೈದ್ಯರ ಮಾತಿಗಿಂತ ಅನುಭವಿಸಿದವರ ಮಾತು ಅವರಿಗೆ ನಾಟುತ್ತೆ. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸೋ ಯೋಚನೆಯೂ ಇದೆ, ಓಪಿಡಿಗೆ ಎಷ್ಟು ಹೊತ್ತಿಗೆ ಹೋದರೆ ಒಳ್ಳೇದು? ಬಸವನಗುಡಿ, ಜಯನಗರದ ಕಡೆಯವರಾದರೆ ನಾನೇ ಅಪ್ಪನ್ನ ಕರಕೊಂಡು ಬರ್ತೀನಿ. ದಯವಿಟ್ಟು ಇನ್‌ಬಾಕ್ಸ್ ಮಾಡಿ.