‘ಎಲಿಸಿಟರ್’ಗೆ ‘ಉತ್ತೇಜಕ’ ಒಗ್ಗುವುದೇ, ‘ಕೆಣಕು’ ಬೇಕೇ?

ಬಲ್ಲವರಿಗೆ ನಮಸ್ಕಾರ.

ಅಶ್ವಗಂಧದ, ಅಂದರೆ ನಮ್ಮ ಹಿರೇಮದ್ದಿನ ಬೇರನ್ನು ಗಾಜಿನ ಕುಪ್ಪಿಯಲ್ಲಿ ಬೆಳೆಸಿ, ಅದರಲ್ಲಿರುವ ವಿಥನೋಲೈಡ್ ಎಂಬ ಔಷಧೀಯ ರಾಸಾಯನಿಕಗಳ ಇಳುವರಿ ಹೆಚ್ಚಿಸುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಿಡವನ್ನು ಎಚ್ಚರಿಸಿ ರಕ್ಷಣೆಗೆ ತೊಡಗಿಸುವ ವಸ್ತುವಿಗೆ ಇಂಗ್ಲಿಷಿನಲ್ಲಿರುವ ‘ಎಲಿಸಿಟರ್’ ಎಂಬ ಪದದ ಬಳಿ ಬಂದು ನಿಂತಿದ್ದೇನೆ.

ಮೊದಲು ‘ಉತ್ತೇಜಕ’ ಎಂದು ಬರೆದಿದ್ದೆ. ಊರಲ್ಲಿ ತೋಟ ನೋಡಿಕೊಳ್ಳುವ ಅಣ್ಣ ಕರಡು ಓದಿ, ‘ಇದು ಯಾವ ಗೊಬ್ಬರವೋ?’ ಎಂದು ಕೇಳಿದ. ತಪ್ಪು ಅವನದಲ್ಲ, ನನ್ನ ಪದದ್ದು. ಇಲ್ಲಿ ಬೇರಿಗೆ ಉಣಿಸುವುದಿಲ್ಲ, ಅದನ್ನು ಬೆದರಿಸುತ್ತಾರೆ. ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆದ ಕೈಟೋಸಾನ್ ಹಾಕುತ್ತಾರೆ. ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಅದೇ ಜಾತಿಯ ವಸ್ತು ಇರುವುದರಿಂದ, ಬೂಷ್ಟು ಮೇಲೆ ಬಿತ್ತೆಂದು ಬೇರು ಮೋಸಹೋಗಿ ತನ್ನ ರಕ್ಷಣೆಯ ರಾಸಾಯನಿಕಗಳನ್ನು ತಯಾರಿಸತೊಡಗುತ್ತದೆ. ನಮಗೆ ಬೇಕಾದ ಮದ್ದು ಅದೇ. ಮೀಥೈಲ್ ಜಾಸ್ಮೋನೇಟ್ ಇನ್ನೊಂದು. ಹುಳು ಎಲೆ ಕಡಿದಾಗ ಗಿಡದೊಳಗೆ ಆ ಸುದ್ದಿ ಹಬ್ಬಿಸುವ ರಾಸಾಯನಿಕಗಳ ಕುಟುಂಬಕ್ಕೆ ಸೇರಿದ್ದು. ಮಲ್ಲಿಗೆಯ ಸುಗಂಧತೈಲದಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು. ಇದನ್ನು ಹಾಕಿದರೆ ಬೇರಿನ ಬೆಳವಣಿಗೆ ಎಷ್ಟೋ ಬಾರಿ ಕುಂಠಿತವಾಗುತ್ತದೆ. ಹಾಗಾಗಿ ಬೇರು ಚೆನ್ನಾಗಿ ಬಲಿಯಲು ಬಿಟ್ಟು, ಕೊನೆಯ ಹಂತದಲ್ಲಷ್ಟೇ ಸೇರಿಸುತ್ತಾರೆ. ಬೆಳವಣಿಗೆಗೇ ಅಡ್ಡ ಬರುವುದನ್ನು ಉತ್ತೇಜಕ ಎನ್ನುವುದು ಹೇಗೆ?

‘ಪ್ರಚೋದಕ’ ಹಾರ್ಮೋನಿನ ನೆನಪು ತರುತ್ತದೆ. ನನ್ನ ಮನಸ್ಸು ‘ಕೆಣಕು’ ಧಾತುವಿನ ಕಡೆಗಿದೆ. ಸುಮ್ಮನಿದ್ದ ಹಾವನ್ನು ಕೆಣಕಿದರೆ ಹೆಡೆ ಎತ್ತುತ್ತದಲ್ಲ, ಕುಪ್ಪಿಯೊಳಗೆ ನಡೆಯುವುದೂ ಅದೇ. ತೊಡಕಿರುವುದು ನಾಮಪದದಲ್ಲಿ. ‘ಕೆಣಕುಗ’ ಎಂದರೆ ಓದುಗ, ಕೇಳುಗರ ಸಾಲಿಗೆ ಸೇರಿ ಮನುಷ್ಯನಾಗಿಬಿಡುತ್ತದೆ. ಬಾಚಣಿಗೆಯ ಮಾದರಿಯಲ್ಲಿ ‘ಕೆಣಕಣಿಗೆ’ ಎಂದು ಹೇಳಿ ನೋಡಿದೆ, ನನಗೇ ನಗು ಬಂತು. ಸದ್ಯಕ್ಕೆ ‘ಕೆಣಕುವಸ್ತು’ ಎಂದು ಬರೆದಿಟ್ಟಿದ್ದೇನೆ. ಸೊಗಸಾಗಿಲ್ಲ, ಆದರೆ ಗೊಬ್ಬರವೆಂದು ಯಾರೂ ತಿಳಿಯಲಾರರು.

ಜೊತೆಗೆ ಇನ್ನೊಂದು ಸಣ್ಣ ತಕರಾರು. ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಗಾಯದ ಮೂಲಕ ತನ್ನ ಜೀನುಗಳನ್ನು ಗಿಡಕ್ಕೆ ಸೇರಿಸಿದಾಗ ಅಲ್ಲಿ ಕವಲು ಕವಲಾಗಿ ನವಿರು ಬೇರುಗಳು ಮೂಡುತ್ತವೆ. ಹೊರಗಿನಿಂದ ಹಾರ್ಮೋನು ಹಾಕದಿದ್ದರೂ ಕುಪ್ಪಿಯಲ್ಲಿ ಹುಲುಸಾಗಿ ಹಬ್ಬುತ್ತವೆ. ಇಂಗ್ಲಿಷಿನ ‘ಹೇರಿ ರೂಟ್’ ಇದೇ. ‘ರೋಮಬೇರು’ ಎಂದರೆ ಶಾಲೆಯಲ್ಲಿ ಕಲಿತ ‘ಬೇರುರೋಮ’ದೊಂದಿಗೆ ಕಲಸಿಹೋಗುತ್ತದೆ. ‘ಕೆದರುಬೇರು’ ಆದೀತೇ? ಹಳೆಯ ಕುಂಡದಿಂದ ಗಿಡ ಕಿತ್ತಾಗ ತಳದಲ್ಲಿ ಸುತ್ತಿಕೊಂಡಿರುವ ಬೇರಿನ ಗೋಜಲಿಗೆ ನಿಮ್ಮ ಕಡೆ ಏನಾದರೂ ಹೆಸರಿದ್ದರೆ ದಯವಿಟ್ಟು ತಿಳಿಸಿ.