‘ಕೋಲ್ಡ್ ಪ್ಲಗ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಇಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇದೆಯಲ್ಲ, ಅದರ ಒಂದು ಪದ ಮೂರು ದಿನದಿಂದ ತಲೆ ತಿನ್ನುತ್ತಿದೆ. ಬಲ್ಲವರು ಬಿಡಿಸಿ ಕೊಡಬೇಕು.

ಶಿರಸಿಯಲ್ಲಿ ನನ್ನ ಅಕ್ಕನ ಮಗನದು ಸಣ್ಣ ಗ್ಯಾರೇಜು. ಈಗ ಒಂದು ಬೈಕಿನ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. ಡ್ರ್ಯಾಗ್ ರೇಸಿಗಂತೆ. ನಿಂತಲ್ಲಿಂದ ಹೊರಟು 402 ಮೀಟರ್, ಅಂದ್ರೆ ಕಾಲು ಮೈಲಿ, ನೆಟ್ಟಗೆ ಓಡಿದರೆ ಆಟ ಮುಗಿಯಿತು. ದೇವಿಮನೆ ಘಾಟಿಯ ತಿರುವಿನಲ್ಲಿ ಗಾಡಿ ಕಲಿತವನಿಗೆ ಈ ನೆಟ್ಟಗಿನ ಹುಚ್ಚು ಹೇಗೆ ಹಿಡಿಯಿತೋ! ಪಿಸ್ಟನ್ ಬದಲಿಸಿ ಕಂಪ್ರೆಷನ್ನನ್ನು, ಅಂದ್ರೆ ಒಳಗಿನ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣವನ್ನು, 13ಕ್ಕೆ 1 ಮಾಡಿದ್ದಾನೆ. ಹೆಚ್ಚು ಒತ್ತಿದಷ್ಟೂ ಬಿಸಿ ಜಾಸ್ತಿ. "ಮಾವ, ಪ್ಲಗ್ ಹಾಕೋ ಕ್ರಮ ಕನ್ನಡದಲ್ಲಿ ಬರೆದುಕೊಡು, ಹುಡುಗರಿಗೆ ಗೋಡೆಗೆ ಅಂಟಿಸ್ತೇನೆ" ಅಂದ. ಬರೆಯಲು ಕೂತು ಮೊದಲ ಸಾಲಿಗೇ ಸಿಕ್ಕಿಬಿದ್ದೆ.

"ಇಂಥ ಇಂಜಿನ್ನಿಗೆ ಮೊದಲಿದ್ದುದಕ್ಕಿಂತ ಒಂದೆರಡು ಮೆಟ್ಟಿಲು ತಣ್ಣನೆಯ ಪ್ಲಗ್ ಹಾಕಬೇಕು" ಅಂತ ಬರೆದೆ. ಎರಡು ಸಾಲು ಕೆಳಗೆ, "ಇಂಜಿನ್ ತಣ್ಣಗಾದ ಮೇಲೆ ಹಾಕಿ" ಅಂತ. ಕೆಲಸದ ಹುಡುಗ ಓದಿ, "ಪ್ಲಗ್ಗನ್ನೂ ಫ್ರಿಜ್ಜಲ್ಲಿ ಇಡಬೇಕಾ ಅಣ್ಣಾ?" ಅಂದ. ನಕ್ಕೆವು. ಆದರೆ ತಪ್ಪು ಅವನದಲ್ಲ, ಅಲ್ವಾ? ಎರಡೂ ಕಡೆ ಒಂದೇ ಪದ, ಅರ್ಥ ಮಾತ್ರ ಬೇರೆ ಬೇರೆ.

ಸಂಗತಿ ಇಷ್ಟು. ಪ್ಲಗ್ಗಿನ ತುದಿಯಲ್ಲಿ ಬಿಳಿ ಪಿಂಗಾಣಿಯ ಮೂಗು ಇರುತ್ತದೆ. ಮೂಗು ಉದ್ದ ಇದ್ದರೆ ಅದರ ಬಿಸಿ ಹೆಡ್ಡಿಗೆ, ಅಂದ್ರೆ ಪ್ಲಗ್ ಕೂರುವ ಇಂಜಿನ್ನಿನ ಮೇಲಿನ ಭಾಗಕ್ಕೆ, ಇಳಿಯುವ ದಾರಿಯೂ ಉದ್ದ. ತುದಿ ಕಾದೇ ಇರುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಇಳಿದು ಹೋಗುತ್ತದೆ. ಅದು ಕೋಲ್ಡ್. ತುದಿ ಸುಮಾರು 500ರಿಂದ 800 ಡಿಗ್ರಿಯೊಳಗೆ ಇರಬೇಕು. ಜಾಸ್ತಿಯಾದರೆ ಕಿಡಿ ಹಾರುವ ಮೊದಲೇ ಕೆಂಡದಂಥ ತುದಿಯಿಂದ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ತೂತಾಗಬಹುದು. ಕಡಿಮೆಯಾದರೆ ಮಸಿ ಸುಡದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಕಾರವಾರದಲ್ಲಿ ಸೀಮೆಎಣ್ಣೆ ಇಂಜಿನ್ನಿನ ನಾಡದೋಣಿ ಓಡಿಸುವವರನ್ನು ಕೇಳಿ, ಪ್ಲಗ್ಗಿನ ಮಸಿ ಕೆರೆಯುವ ಕೆಲಸ ಅವರಿಗೆ ಚೆನ್ನಾಗಿ ಗೊತ್ತು.

ಮೊದಲು ಹೊಳೆದದ್ದು ‘ಉಷ್ಣ’, ‘ತಂಪು’. ಊಟದಲ್ಲಿ ಹೇಳುತ್ತೇವಲ್ಲ, ಹಲಸು ಉಷ್ಣ, ಮುರುಗಲು ತಂಪು. ಮುಟ್ಟಿದರೆ ಬಿಸಿಯೋ ತಣ್ಣಗೋ ಅನ್ನುವ ಮಾತಲ್ಲ ಅದು, ಗುಣದ ಮಾತು. ಬಹಳ ಖುಷಿಯಾಯಿತು. ಆಮೇಲೆ ನೋಡಿದರೆ ಇಲ್ಲೊಂದು ಮೋಸ ಇದೆ. ಮುರುಗಲು ಕುಡಿದವನ ಮೈ ತಂಪಾಗುತ್ತದೆ. ಕೋಲ್ಡ್ ಪ್ಲಗ್ ಹಾಗೆ ಇಂಜಿನ್ನನ್ನು ತಂಪು ಮಾಡುವುದಿಲ್ಲ. ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಿ ತಾನು ಬಚಾವಾಗುತ್ತದೆ, ಅಷ್ಟೇ. ತಂಪಿನ ಪ್ಲಗ್ ಅಂದರೆ ಗಿರಾಕಿ ಇಂಜಿನ್ ಬಿಸಿಯಾಗುವುದಿಲ್ಲ ಅಂತ ನಂಬಿಬಿಡುತ್ತಾನೆ.

ಎರಡನೆಯದು ‘ಬೇಗ ಆರುವ ಪ್ಲಗ್’. ಕಾಫಿ ಆರುತ್ತದೆ, ಬಟ್ಟೆ ಆರುತ್ತದೆ. ಆದರೆ ದೀಪವೂ ಆರುತ್ತದೆ! ಕಿಡಿ ಕೊಡಬೇಕಾದ ಸಾಮಾನಿಗೆ ‘ಆರುವ’ ಅಂತ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ? ಸಾಲದ್ದಕ್ಕೆ ಪ್ಲಗ್ಗಿನ ಮೇಲೆ ಅಂಕಿಯೂ ಇರುತ್ತದೆ. ‘ಆರರ ಪ್ಲಗ್’, ‘ಆರುವ ಪ್ಲಗ್’ ಗಲಾಟೆಯಲ್ಲಿ ಕೇಳಿದರೆ ಒಂದೇ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್. ಬಾಷ್ ಕಂಪನಿಯದರಲ್ಲಿ ತಿರುಗಾಮುರುಗಾ. ಹಾಗಾಗಿ "ದೊಡ್ಡ ನಂಬರ್ ಹಾಕು" ಅಂತ ಬರೆದು ಪಾರಾಗುವ ಹಾಗೂ ಇಲ್ಲ.

ಸದ್ಯಕ್ಕೆ ಮನಸ್ಸು ಹಿಡಿದದ್ದು ‘ಕಾವು’. ‘ಕಾವು ಹಿಡಿಯುವ ಪ್ಲಗ್’, ‘ಕಾವು ಬಿಡುವ ಪ್ಲಗ್’. ಪ್ಲಗ್ ಹೇಗಿದೆ ಅನ್ನುವ ಬದಲು ಏನು ಮಾಡುತ್ತದೆ ಅಂತ ಹೇಳಿದ ಹಾಗಾಯಿತು. ಹುಡುಗನಿಗೆ ಓದಿಸಿದೆ. ಫ್ರಿಜ್ಜಿನ ಸುದ್ದಿ ಎತ್ತಲಿಲ್ಲ. "ಓ, ಹಿತ್ತಾಳೆ ಲೋಟದ ಹಾಗೆ" ಅಂದ. ಬಿಸಿ ಚಾ ಹಾಕಿದರೆ ಹಿಡಿಯಲಾಗದ ಲೋಟ. ಬಿಸಿ ಬೇಗ ದಾಟಿಸುವುದು ಅಂದ್ರೆ ಅದೇ ತಾನೇ? ಒಂದೇ ತೊಂದರೆ, ‘ಬಿಡುವ’ ಅಂದರೆ ಹೊರಗೆ ಕಾವು ಕೊಡುವ ಅಂತಲೂ ಆಗಬಹುದು.

ಉಳಿದ ಪದಗಳು ಸುಮ್ನೆ ಬಂದವು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪಿಗೆ ‘ಸಂದು’. ಒತ್ತಿ ಹಿಡಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ, ಅದಕ್ಕೆ ಅಕ್ಕನ ಮಗ 0.8 ಮಿಲಿಮೀಟರ್ ಇದ್ದ ಸಂದನ್ನು 0.6ಕ್ಕೆ ಇಳಿಸಿದ್ದಾನೆ. ಪಾನಾ ಮುಟ್ಟದೆ ಬೆರಳಲ್ಲೇ ತಿರುಗಿಸಿ ಕೂರಿಸುವುದಕ್ಕೆ ‘ಕೈಬಿಗಿ’ ಅಂತ ಬರೆದೆ. ಖರ್ಚು ಮಾಡದವನಿಗೂ ಕೈ ಬಿಗಿ ಅನ್ನುತ್ತೇವೆ, ಇರಲಿ. ಪಾನಾ ಹಾಕಿದ ಮೇಲೂ ಅದೇ ಜಿಪುಣತನ ಬೇಕು. ಇವನದು 10 ಮಿಲಿಮೀಟರ್ ತ್ರೆಡ್ಡಿನ ಪ್ಲಗ್, 10ರಿಂದ 12 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು, ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಹೋದರೆ ಕಥೆ ಮುಗಿದ ಹಾಗೆ. ಓಡಿಸಿ ತೆಗೆದ ಪ್ಲಗ್ಗಿನ ಬಿಳಿ ಮೂಗಿನ ಮೇಲೆ ಕಾಣುವ ಸಣ್ಣ ಚುಕ್ಕೆಗಳಿಗೆ ಅವನೇ ಹೆಸರಿಟ್ಟ, ‘ಕಾಳುಮೆಣಸಿನ ಪುಡಿ’. ಅದು ಕಂಡರೆ ನಾಕಿಂಗ್ ಆಗಿದೆ, ಅಂದ್ರೆ ಒಳಗೆ ಪೆಟ್ರೋಲ್ ಹದ ತಪ್ಪಿ ಸಿಡಿದಿದೆ, ಇಂಜಿನ್ ಬಂದ್ ಮಾಡು ಅಂತ ಅರ್ಥ. ಶಿರಸಿಯವನಿಗೆ ಇನ್ನೇನು ಹೊಳೆಯಬೇಕು!

ಈಗ ನನ್ನ ಪ್ರಶ್ನೆ. ಆಲೆಮನೆಯಲ್ಲಿ ಒಲೆಯಿಂದ ಇಳಿಸಿದ ಮೇಲೂ ಕೆಲವು ಪಾತ್ರೆ ಬಿಸಿ ಬಿಡುವುದಿಲ್ಲ, ಕೆಲವು ಬೇಗ ಬಿಡುತ್ತವೆ. ಈ ಎರಡು ಗುಣಕ್ಕೆ ನಿಮ್ಮ ಕಡೆ ಒಂದೊಂದೇ ಪದ ಇದೆಯಾ? ಕಮ್ಮಾರರ ಬಾಯಲ್ಲಿ, ಪಾತ್ರೆಗೆ ಕಲಾಯಿ ಹಾಕುವವರ ಬಾಯಲ್ಲಿ ಕೇಳಿದವರಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ. ಗೋಡೆಯ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.