ಕ್ವಾರಿ ಕೆಲಸದವರಿಗೆ ಎಚ್‌ಐವಿ ತಿಳುವಳಿಕೆ: ಎಲ್ಲರ ರಕ್ತ ಪರೀಕ್ಷೆ ಮಾಡಿಸಬಹುದಾ?

ಕ್ವಾರಿ ಸೂಪರ್‌ವೈಸರ್, ಹಾಸನ:
ಕಲ್ಲು ಕ್ವಾರಿ ಮತ್ತು ಕ್ರಷರ್. 60 ಜನ, ಅರ್ಧಕ್ಕರ್ಧ ಒಡಿಶಾ, ಬಿಹಾರದವರು, ಶೆಡ್‌ನಲ್ಲೇ ವಾಸ. ಟಿಪ್ಪರ್ ಡ್ರೈವರ್‌ಗಳು ಬೇರೆ. ತಿಳುವಳಿಕೆ ಕೊಡೋಕೆ ಶಿಫ್ಟ್‌ಗೆ ಮುಂಚೆ 20 ನಿಮಿಷ ಸಿಗುತ್ತೆ. ಮಾಲೀಕರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಆಫೀಸಿಗೆ ತರಿಸಿ ಅಂತಿದ್ದಾರೆ. ಸರಿಯಾ?

ಕೌನ್ಸೆಲರ್:
ಖಂಡಿತ ಬೇಡ ಸರ್. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಕೆಲಸ ಕೊಡೋಕೆ ರಿಪೋರ್ಟ್ ಕೇಳೋ ಹಾಗಿಲ್ಲ, ಸೋಂಕಿದೆ ಅನ್ನೋ ಒಂದೇ ಕಾರಣಕ್ಕೆ ಬಿಡಿಸೋ ಹಾಗೂ ಇಲ್ಲ. ಗಣಿ ಕೆಲಸದವರ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಬರುತ್ತೆ. ಎಚ್‌ಐವಿಯನ್ನ ಅದರೊಳಗೆ ತುರುಕಬೇಡಿ.

ಎಲ್ಲರನ್ನೂ ಒಂದೇ ಜೀಪಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಲೂಬೇಡಿ. ಮೊದಲ ಕಿಟ್‌ನಲ್ಲಿ ಪಾಸಿಟಿವ್ ಸುಳಿವು ಬಂದವರಿಗೆ ಇನ್ನೆರಡು ಬೇರೆ ಕಿಟ್‌ನಲ್ಲಿ ನೋಡ್ತಾರೆ, ಆಪ್ತಸಮಾಲೋಚನೆಗೂ ಹೊತ್ತು ಹಿಡಿಯುತ್ತೆ. ಯಾರು ಕೊನೆಗೆ ಹೊರಗೆ ಬಂದರು ಅನ್ನೋದು ಜೀಪಲ್ಲಿ ಕಾಯ್ತಿರೋರಿಗೆಲ್ಲ ಗೊತ್ತಾಗುತ್ತೆ. ಅದರ ಬದಲು ಕಾರಣ ಕೇಳದೆ ಸಂಬಳ ಸಹಿತ ಅರ್ಧ ದಿನ ರಜೆ ಕೊಡಿ. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ. ಇತ್ತೀಚೆಗಷ್ಟೇ ಅಪಾಯಕ್ಕೆ ಒಡ್ಡಿಕೊಂಡಿದ್ದರೆ ನೆಗೆಟಿವ್ ಬಂದರೂ 3 ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು. ಸೋಂಕು ಖಚಿತವಾದರೆ ವೈರಸ್ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆಯೂ ಉಚಿತ. ಊರಿಗೆ ಹೋಗೋರು ಅಲ್ಲಿನ ಕೇಂದ್ರಕ್ಕೆ ವರ್ಗಾವಣೆ ಪತ್ರ ತಗೊಂಡೇ ಹೋಗಲಿ. ಮಾತ್ರೆ ತಪ್ಪಿಹೋಗೋದು ಹೆಚ್ಚಾಗಿ ಅಲ್ಲೇ.

ಕಾರ್ಮಿಕ ಆರೋಗ್ಯ, ಚಿಕ್ಕಮಗಳೂರು:
ಎಚ್‌ಐವಿ ಅಂತಲೇ ಮಾತು ಶುರು ಮಾಡಿದರೆ ಎಲ್ಲರೂ ತಲೆ ತಗ್ಗಿಸ್ತಾರೆ. ಧೂಳಿನಿಂದ ಶುರು ಮಾಡಿ. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶ ಕೆಡಿಸಿ ಟಿಬಿಗೆ ದಾರಿ ಮಾಡುತ್ತೆ; ಜೊತೆಗೆ ಎಚ್‌ಐವಿ ಇದ್ದರೆ ಆ ಅಪಾಯ ಹಲವು ಪಟ್ಟು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಆಗಿದ್ದು ಇದೇ. 2 ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಅಂತ ಹೇಳಿ, ಅಲ್ಲಿಂದ ಎಚ್‌ಐವಿ ಮಾತಿಗೆ ಬನ್ನಿ. ಡ್ರಿಲ್ಲಿಂಗ್‌ಗೆ ನೀರು ಬಿಡ್ಲೇಬೇಕು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ನವಿರಾದ ಧೂಳು ನಿಲ್ಲಲ್ಲ. ಮಾತು ಹಿಂದಿಯಲ್ಲೂ ಆಗಲಿ, 15 ಜನರ ಗುಂಪು ಸಾಕು.

ಕ್ವಾರಿ ಸೂಪರ್‌ವೈಸರ್, ಹಾಸನ:
ಮಾಲೀಕರಿಗೆ ಕಾಯ್ದೆ ತೋರಿಸ್ತೀನಿ. ಕಾಂಡೋಮ್ ಎಲ್ಲಿಡೋದು? ಗಾಯ ಆದಾಗ ರಕ್ತ ಒರೆಸೋರಿಗೆ ಅಪಾಯ ಇದೆಯಾ?

ಕೌನ್ಸೆಲರ್:
ಆಫೀಸ್ ಮೇಜಿನ ಮೇಲಿಟ್ಟರೆ ಯಾರೂ ಮುಟ್ಟಲ್ಲ. ಶೌಚಾಲಯದ ಒಳಗೋಡೆಗೆ ನೆರಳಲ್ಲಿ ಡಬ್ಬಿ ಹಾಕಿ, ಎಷ್ಟು ಖಾಲಿಯಾಯ್ತು ಅಂತಷ್ಟೇ ವಾರಕ್ಕೊಮ್ಮೆ ನೋಡಿ. ಡ್ರೈವರ್‌ಗಳಿಗೆ ಬಿಡಿಸಿ ಹೇಳಿ: ಕ್ಯಾಬಿನ್‌ನಲ್ಲಿ ಗಾಜಿನ ಹಿಂದೆ ಇಟ್ಟ ಪ್ಯಾಕೆಟ್ ಬಿಸಿಗೆ ಹಾಳಾಗುತ್ತೆ, ಕೊಬ್ಬರಿ ಎಣ್ಣೆ, ಗ್ರೀಸ್ ತಾಗಿದರೆ ರಬ್ಬರ್ ಹರಿಯುತ್ತೆ. ಅವಧಿಯ ದಿನಾಂಕ ನೋಡಿ, ಹಲ್ಲಿಂದ ಕಚ್ಚದೆ ಕೈಯಿಂದ ಹರಿಯಬೇಕು.

ಗಾಯ ಇಲ್ಲದ ಚರ್ಮಕ್ಕೆ ರಕ್ತ ತಾಗಿದರೆ ಸೋಂಕು ಬರಲ್ಲ. ಆದರೂ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಗ್ಲೌಸ್ ಇರಲಿ. ನೆಲದ ಮೇಲಿನ ರಕ್ತಕ್ಕೆ ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಸುರಿದು, 20 ನಿಮಿಷ ಬಿಟ್ಟು ತೊಳೀರಿ. ಪೌಡರ್ ಹಳೇದಾಗಿ ವಾಸನೆ ಹೋಗಿದ್ದರೆ ಪ್ರಯೋಜನವಿಲ್ಲ. ತೆರೆದ ಗಾಯಕ್ಕೋ ಕಣ್ಣಿಗೋ ಬೇರೆಯವರ ರಕ್ತ ಬಿದ್ದರೆ ತಕ್ಷಣ ನೀರಲ್ಲಿ ತೊಳೆದು ಆಸ್ಪತ್ರೆಗೆ ಕಳಿಸಿ. ಎಚ್‌ಐವಿ ಸೋಂಕು ತಗಲದಂತೆ ತಡೆಯೋ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೇದು. 28 ದಿನ ನುಂಗಬೇಕು. ಸಹಾಯವಾಣಿ 1097, ಶುಲ್ಕವಿಲ್ಲ. ಆ ನಂಬರನ್ನ ಡಬ್ಬಿ ಮೇಲೇ ಬರೆಸಿ.